ಮುನಿರಾಜುವಿನ ಹಲ್ಲುಗಳೂ ನನ್ನ ಬಿಳಿ ಕಣಗಳೂ

ಬಿಳಿ ರಕ್ತಕಣದ ಬಗ್ಗೆ ಮೊದಲು ತಿಳಿಯಬೇಕಾದ ಮಾತೆಂದರೆ ಅದು ಬಿಳಿಯಲ್ಲ. ಬಣ್ಣ ಹಾಕದಿದ್ದರೆ ಕಾಣುವುದೇ ಕಷ್ಟ, ಹಾಕಿದರೆ ನೇರಳೆ. ಎರಡನೆಯ ಮಾತು, ಅದು ಹೆಚ್ಚಾದರೂ ಕಡಿಮೆಯಾದರೂ ಚಹರೆ ಬದಲಿಸಿದರೂ ಕ್ಯಾನ್ಸರ್ ಎಂದೇ ಅರ್ಥವಲ್ಲ. ಬಹಳ ಸಲ ಅದು ಜ್ವರವೋ, ಹೊಟ್ಟೆಹುಳುವೋ, ದಮ್ಮೋ, ಕೀವೋ, ಬಸಿರೋ ಆಗಿರುತ್ತದೆ. ಕೆಲವೊಮ್ಮೆ ಏನೂ ಆಗಿರುವುದಿಲ್ಲ. ಈ ಕೊನೆಯ ಸಂಗತಿಯನ್ನು ನಾನು ಕಲಿಯಲು ಇನ್ನೊಬ್ಬನ ಹಲ್ಲು ಉದುರಬೇಕಾಯಿತು. ಈಗ ಲ್ಯಾಬ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಬಡ್ತಿ, ಬೀಳ್ಕೊಡುಗೆಯ ಶಾಲು, ಗಂಧದ ಹಾರ ಇವುಗಳ ವಿಷಯ ಹೇಳಿದರೆ ಅವರಿಗೆ ಉಪಯೋಗವಿಲ್ಲ. ಹಲ್ಲಿನ ವಿಷಯ ಹೇಳುತ್ತೇನೆ.

ನಾನು ಗದಗಿನ ಕಡೆಯವಳು. ಎಪ್ಪತ್ತರ ದಶಕದ ನಡುವೆ ಯಶವಂತಪುರದಾಚೆಯ ಒಂದು ಕಾರ್ಖಾನೆಯ ಆಸ್ಪತ್ರೆಗೆ ಪೆಥಾಲಜಿಸ್ಟ್ ಆಗಿ ಬಂದೆ. ಆ ಕಾರ್ಖಾನೆ ಈಗಿಲ್ಲ, ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಹೆಸರು ಹೇಳಿ ಆಗಬೇಕಾದ್ದೇನೂ ಇಲ್ಲ. ಕಾರ್ಮಿಕರು ನನಗೆ 'ರಕ್ತದಮ್ಮ' ಎಂದು ಹೆಸರಿಟ್ಟಿದ್ದರು. ಆ ಸೀಮೆಯಲ್ಲಿ ಮಾರಮ್ಮ, ಪಟಾಲಮ್ಮ, ಅಣ್ಣಮ್ಮ ಮೊದಲಾದವರು ಮುಂಚಿನಿಂದಲೂ ನೆಲೆಸಿದ್ದರಿಂದ ನನ್ನ ಸೇರ್ಪಡೆಗೆ ಯಾರ ಆಕ್ಷೇಪಣೆಯೂ ಬರಲಿಲ್ಲ. ಅವರು ವರ್ಷಕ್ಕೊಮ್ಮೆ ರಕ್ತ ಕೇಳುತ್ತಿದ್ದರು, ನಾನು ದಿನಾಲೂ ಕೇಳುತ್ತಿದ್ದೆ. ವ್ಯತ್ಯಾಸ ಅಷ್ಟೇ.

ಲ್ಯಾಬ್ ಎಂದರೆ ಒಂದು ಉದ್ದನೆಯ ಕೋಣೆ, ಎರಡು ಮೈಕ್ರೋಸ್ಕೋಪು, ಒಂದು ಕಲ್ಲಿನ ತೊಟ್ಟಿ ಮತ್ತು ವೆಂಕೋಬ. ವೆಂಕೋಬ ನನ್ನ ಟೆಕ್ನೀಷಿಯನ್. ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಬಳಿದು, ಬಣ್ಣ ಹಾಕಿ, ತೊಳೆದು, ಒಣಗಿಸಿ, ನೂರು ಬಿಳಿ ಕಣ ಎಣಿಸಿ, ಯಾವುದು ಎಷ್ಟು ಎಂದು ಬರೆದಿಡುವುದು ಅವನ ಕೆಲಸ. ಒಮ್ಮೆ ಇಣುಕಿ ಸಹಿ ಹಾಕುವುದು ನನ್ನದು. ಆ ಭಾಗದ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದರೆ ಕಣಗಳೆಲ್ಲ ನೀಲಿಗಟ್ಟಿ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಏನೇ ಅನುಮಾನ ಬಂದರೂ ನಾವು ನೀರಿನ ಮೇಲೆ ಹಾಕುತ್ತಿದ್ದೆವು. ಲ್ಯಾಬಿನಲ್ಲಿ ಒಂದು ಕೆಟ್ಟ ನೀರು ಇದ್ದರೆ ಮನುಷ್ಯರಿಗೆ ಬಹಳ ನೆಮ್ಮದಿ.

ಆ ಕಾಲದಲ್ಲಿ ಬೆಂಗಳೂರಿನ ಮನೆದೇವರು ಇಸ್ನೋಫೀಲಿಯಾ. ರಕ್ತದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳಿರುವ ಒಂದು ಜಾತಿಯ ಬಿಳಿ ಕಣ ಉಂಟು. ಧೂಳು, ಹೂವಿನ ಪುಡಿ, ಹುಳು, ಆನೆಕಾಲಿನ ಸೋಂಕು, ಯಾವುದಕ್ಕಾದರೂ ಅದು ಏರುತ್ತದೆ. ಏರಿದರೆ ಕೆಮ್ಮಿದವನಿಗೂ ಒಂದು ಹೆಸರು ಸಿಕ್ಕಂತಾಯಿತು. "ನಂಗೆ ಇಸ್ನೋಫೀಲಿಯಾ ಇದೆ ಕಣ್ರೀ" ಎಂದು ಜನ ಸೈಟು ಇದೆ ಅನ್ನುವ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದರು. ನಮ್ಮ ಕಚೇರಿಯ ಗುಮಾಸ್ತರೊಬ್ಬರಿಗೆ ಎಲ್ಲ ಸರಿಯಿದೆ ಎಂದು ವರದಿ ಕೊಟ್ಟಾಗ ಅವರ ಮುಖ ಬಾಡಿಹೋಯಿತು.

"ಇನ್ನೊಂದ್ಸಲ ನೋಡಿ ಮೇಡಂ. ಮನೇಲಿ ಇದೆ ಅಂತ ಹೇಳ್ಬಿಟ್ಟಿದೀನಿ."

ಇನ್ನೊಂದು ಸಲ ನೋಡಿದೆ. ಎರಡು ಕಣ ಹೆಚ್ಚು ಸಿಕ್ಕವು. ಅವರು ಸಂತೃಪ್ತರಾಗಿ ಹೋದರು. ಆಗ ನಕ್ಕಿದ್ದೆ. ನೋಡಬೇಕು ಅಂದುಕೊಂಡದ್ದು ಸಿಗುವವರೆಗೂ ನೋಡುವುದು ನಗುವ ವಿಷಯವಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಮುಖ್ಯ ವೈದ್ಯಾಧಿಕಾರಿಗಳು ಸೈನ್ಯದಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಮೇಜರ್ ಎನ್ನುತ್ತಿದ್ದೆವು. ನೆಟ್ಟಗಿನ ಬೆನ್ನು, ಇಸ್ತ್ರಿಯ ಕೋಟು, ಕೈಯಲ್ಲಿ ಹೊತ್ತಿಸದ ಪೈಪು. ಒಳ್ಳೆಯ ಮನುಷ್ಯ, ಅನುಮಾನ ಎನ್ನುವುದೊಂದು ಅವರಿಗೆ ಗೊತ್ತಿರಲಿಲ್ಲ. ನಾನು ಸೇರಿದ ಹೊಸದರಲ್ಲಿ ಒಬ್ಬ ವೆಲ್ಡರನ ಮಗು ಬಂತು. ಬಿಳಿ ಕಣ ಮಾಮೂಲಿಗಿಂತ ಅದೆಷ್ಟೋ ಪಟ್ಟು ಏರಿತ್ತು. ಮೇಜರ್ ತಂದೆಯನ್ನು ಕರೆದು "ಬ್ಲಡ್ ಕ್ಯಾನ್ಸರ್" ಎಂದು ಹೇಳಲು ಹೊರಟಿದ್ದರು. ನಾನು ಸ್ಲೈಡಿನ ಮುಂದೆ ಕೂತು ನೋಡಿದೆ. ಏರಿದ್ದೆಲ್ಲ ಬಲಿತ ಕಣಗಳು, ಎಳೆಯವು ಒಂದೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಮಗು ಕೆಮ್ಮುತ್ತಿತ್ತು. ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ, ಕೊನೆಗೆ ಕೂಗಿನಂತೆ ಉಸಿರೆಳೆಯುತ್ತಿತ್ತು. ನಾಯಿಕೆಮ್ಮು! ನಾಯಿಕೆಮ್ಮಿನಲ್ಲಿ ಆ ಕಣಗಳು ಹಾಗೆ ಏರುವುದುಂಟು. "ಕ್ಯಾನ್ಸರ್ ಅಲ್ಲ ಸರ್, ಸ್ವಲ್ಪ ತಡೀರಿ" ಎಂದೆ. ಮಗು ಗುಣವಾಯಿತು, ಕಣ ಇಳಿಯಿತು. ಮೇಜರ್ ಎಲ್ಲರೆದುರು, "ಡಾಕ್ಟರಿಗೆ ಕಣ್ಣಿದೆ" ಎಂದರು.

ಆ ಮಾತು ನನ್ನ ತಲೆಯ ಮೇಲೆ ಕೂತಿತು. ಆಮೇಲೆ ಕಣ್ಣಿಗೆ ಅಷ್ಟು ಕೆಲಸ ಕೊಡುವುದನ್ನು ಬಿಟ್ಟೆ.

ಇಲ್ಲಿ ನಮ್ಮ ಲ್ಯಾಬಿನ ಒಂದು ಪದ್ಧತಿ ಹೇಳಬೇಕು. ಡಾಕ್ಟರು ಕಳಿಸುವ ಚೀಟಿಯಲ್ಲಿ ಅವರ ಅನುಮಾನ ಏನೆಂದು ಒಂದು ಸಾಲು ಇರುತ್ತದೆ. ನಾವು ಮೊದಲು ಆ ಸಾಲು ಓದಿ, ಆಮೇಲೆ ಸ್ಲೈಡು ನೋಡುತ್ತಿದ್ದೆವು. ಟೈಫಾಯಿಡ್ ಎಂದಿದ್ದರೆ ಕಣ್ಣು ಟೈಫಾಯಿಡ್ ಹುಡುಕುತ್ತಿತ್ತು, ಕೀವು ಎಂದಿದ್ದರೆ ಕೀವು. ಇದು ಮೋಸವಲ್ಲ, ವಿನಯ. ಹಿರಿಯರು ಹುಡುಕಿ ಎಂದದ್ದನ್ನು ಹುಡುಕಿಕೊಡದಿದ್ದರೆ ನಾವು ಯಾಕಿದ್ದೇವೆ? ಇಂಥ ವಿನಯದಿಂದ ಆದ ಅನಾಹುತ ಉದ್ಧಟತನದಿಂದ ಆದದ್ದಕ್ಕಿಂತ ಕಡಿಮೆಯೇನಲ್ಲ.

ಕಾರ್ಖಾನೆಗೆ ಹೊಸ ಷೆಡ್ಡು ಕಟ್ಟಲು ಶೆಟ್ಟಿಹಳ್ಳಿ ಕಡೆಯ ಕೆಲವು ಮನೆತನಗಳ ಹೊಲ ಹೋಗಿತ್ತು. ಹೊಲ ಕೊಟ್ಟ ಮನೆಗೆ ಒಂದು ಕೆಲಸ ಎಂದು ಮಾತಾಗಿತ್ತು, ಆದರೆ ದೇಹಪರೀಕ್ಷೆಯಲ್ಲಿ ಪಾಸಾಗಬೇಕು. ಹಾಗೆ ಬಂದವರಲ್ಲಿ ಒಬ್ಬ ಮುನಿರಾಜು. ಎತ್ತರದ ಆಳು, ಅಗಲವಾದ ದವಡೆ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತು ಒಂದು ಆಳುದ್ದದ ಕಬ್ಬನ್ನು ಹಲ್ಲಿನಲ್ಲೇ ಸಿಗಿಯುತ್ತಿದ್ದ. ಸಿಪ್ಪೆ ಸರಸರನೆ ನೆಲಕ್ಕೆ ಬೀಳುತ್ತಿತ್ತು.

"ಏಯ್, ಇದೇನ್ ಆಸ್ಪತ್ರೆನೋ ಆಲೆಮನೆನೋ?" ಎಂದು ವೆಂಕೋಬ ಗದರಿದ.

"ನಿಮ್ಗೂ ಒಂದ್ ತುಂಡ್ ಮಡ್ಗಿವ್ನಿ ಸಾಮಿ," ಎಂದು ಮುನಿರಾಜು ನಕ್ಕ. ಆ ನಗೆಯಲ್ಲಿ ಇದ್ದ ಹಲ್ಲುಗಳನ್ನು ನಾನು ನೋಡಿದ್ದೇನೆ. ಒಂದರ ಪಕ್ಕ ಒಂದು ಜೋಳದ ತೆನೆಯ ಹಾಗಿದ್ದವು. ನಮ್ಮ ಕಡೆಯ ಹೋಲಿಕೆ ಇದು, ಬೇರೆ ಗೊತ್ತಿಲ್ಲ.

ಅವನ ಕಾಲಿನಲ್ಲಿ ಒಣಗಿದ ಒಂದು ಗಾಯ ಇತ್ತು. ಮೇಜರ್ ಚೀಟಿಯಲ್ಲಿ 'ಒಳಗೆ ಸೋಂಕು ಇರಬಹುದು' ಎಂದು ಬರೆದಿದ್ದರು. ನಾವು ಓದಿದೆವು. ಆಮೇಲೆ ಸ್ಲೈಡು ನೋಡಿದೆವು.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಸೋಂಕಿನ ವಿರುದ್ಧ ಮೊದಲು ಓಡುವ ಬಿಳಿ ಕಣಕ್ಕೆ ನ್ಯೂಟ್ರೊಫಿಲ್ ಎನ್ನುತ್ತಾರೆ. ಅದು ನಮ್ಮ ದೇಹದ ಪೊಲೀಸ್ ಪೇದೆ. ಬಲಿತ ಪೇದೆಯ ನಡುವಿನ ಬೀಜ ಮೂರು ನಾಲ್ಕು ಹೋಳಾಗಿ ಎಳೆಯೊಂದರಲ್ಲಿ ಪೋಣಿಸಿದಂತೆ ಇರುತ್ತದೆ. ಎಳೆಯ ಪೇದೆಯದು ಹೋಳಾಗಿರುವುದಿಲ್ಲ, ಲಾಳದ ಹಾಗೆ ಬಾಗಿರುತ್ತದೆ. ದೊಡ್ಡ ಗಲಾಟೆಯಾದಾಗ ದೇಹ ತರಬೇತಿ ಮುಗಿಯದವರ ಕೈಗೂ ಲಾಠಿ ಕೊಟ್ಟು ಬೀದಿಗೆ ಕಳಿಸುತ್ತದೆ. ರಕ್ತದಲ್ಲಿ ಎಳೆಯವರು ಹೆಚ್ಚಿದ್ದರೆ ಎಲ್ಲೋ ಗಲಾಟೆ ನಡೆಯುತ್ತಿದೆ ಎಂದರ್ಥ.

ಮುನಿರಾಜುವಿನ ರಕ್ತದಲ್ಲಿ ಮೂರು ನಾಲ್ಕು ಹೋಳಿನವು ಒಂದೂ ಇರಲಿಲ್ಲ. "ಎಲ್ಲಾ ಎಳೇವೇ ಮೇಡಂ," ಎಂದ ವೆಂಕೋಬ. ನಾನು ಇಣುಕಿದೆ. ಬಾಗಿದ ಕಡ್ಡಿಯಂಥವು, ದುಂಡಗಿನವು, ಎರಡೇ ಹೋಳಿನವು. ನೀಲಿಗಟ್ಟಿದ್ದವು. ನೀರು, ಅಂದುಕೊಂಡೆ. ಸಹಿ ಹಾಕಿದೆ.

ಮೇಜರ್ ಮೇಜು ಕುಟ್ಟಿದರು. "ನಾನು ಹೇಳ್ಲಿಲ್ವಾ? ಬೆಂಕಿ ಇಲ್ದೆ ಹೊಗೆ ಆಡಲ್ಲ. ಹುಡುಕಿ!"

ಮುನಿರಾಜುವಿಗೆ 'ಸದ್ಯಕ್ಕೆ ಅನರ್ಹ, ಚಿಕಿತ್ಸೆ ಪಡೆದು ಬಾ' ಎಂದಾಯಿತು. ಪೆನಿಸಿಲಿನ್ ಚುಚ್ಚಿದೆವು. ರಕ್ತ ಹಾಗೇ ಇತ್ತು. ಹುಳುವಿನ ಔಷಧ ಕುಡಿಸಿದೆವು, ಎದೆಯ ಎಕ್ಸ್‌ರೇ ತೆಗೆದೆವು. ರಕ್ತ ಹಾಗೇ ಇತ್ತು. ಒಟ್ಟು ಬಿಳಿ ಕಣಗಳ ಲೆಕ್ಕ ಸರಿಯಾಗಿತ್ತು. ಜ್ವರವಿಲ್ಲ, ತೂಕ ಇಳಿದಿಲ್ಲ. ಇಷ್ಟೊಂದು ಎಳೆಯ ಪೇದೆಗಳು ಬೀದಿಯಲ್ಲಿದ್ದರೂ ಊರಿನಲ್ಲಿ ಒಂದು ಕಿಟಕಿಯ ಗಾಜೂ ಒಡೆದಿಲ್ಲವಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಸೋಂಕು ಬಹಳ ಆಳದಲ್ಲಿ ಅಡಗಿದೆ ಎಂದುಕೊಂಡೆವು. ಸಿಗದಷ್ಟೂ ನಮ್ಮ ಭಕ್ತಿ ಹೆಚ್ಚಾಯಿತು.

ಮೇಜರ್ ಕಲಿತ ಕಾಲದಲ್ಲಿ ಒಂದು ಸಿದ್ಧಾಂತ ಇತ್ತು. ಎಲ್ಲೂ ಸಿಗದ ಸೋಂಕು ಹಲ್ಲಿನ ಬುಡದಲ್ಲಿ ಇರುತ್ತದೆ ಎಂದು. ನಮ್ಮ ಆಸ್ಪತ್ರೆಗೆ ವಾರಕ್ಕೆರಡು ಸಲ ಬರುತ್ತಿದ್ದ ದಂತವೈದ್ಯರು ಮುನಿರಾಜುವಿನ ಬಾಯಿ ನೋಡಿ, "ಚೆನ್ನಾಗಿವೆ ಸರ್" ಎಂದರು.

"ಚೆನ್ನಾಗಿರೋದೇ ಅನುಮಾನ," ಎಂದರು ಮೇಜರ್.

ಹಿಂದಿನ ಎರಡು ಹೋದವು. ರಕ್ತ ಹಾಗೇ ಇತ್ತು. ಎದುರು ಬದಿಯ ಎರಡು ಹೋದವು. ಹಾಗೇ ಇತ್ತು. ಪ್ರತಿ ಸಲವೂ ನಾನೇ ಸಹಿ ಹಾಕಿ 'ಇನ್ನೂ ಎಳೆಯ ಕಣಗಳಿವೆ' ಎಂದು ಬರೆದುಕೊಡುತ್ತಿದ್ದೆ. ಆಮೇಲೆ ಮೇಲಿನ ಮುಂದಿನವು. ಅಂದು ನಾನು ಕೊಂಚ ಅಳುಕಿ, "ಸರ್, ಮುಂದಿನ ಹಲ್ಲು..." ಎಂದೆ.

"ಡಾಕ್ಟರ್, ಇವರು ಮುದ್ದೆ ತಿನ್ನೋ ಜನ. ನುಂಗೋದಕ್ಕೆ ಹಲ್ಲು ಯಾಕೆ? ನಿಮ್ಮ ಕಡೆ ಥರ ರೊಟ್ಟಿ ಕಡೀಬೇಕಾ?"

ನಾನು ನಕ್ಕೆ. ಈ ಬರಹದಲ್ಲಿ ಬರೆಯಲು ಅತಿ ಕಷ್ಟವಾದ ಎರಡು ಪದ ಅವು.

ಮುನಿರಾಜುವಿನದು ಒಂದೇ ಚಿಂತೆ. "ಕೆಲ್ಸ ಸಿಗ್ತದಲ್ವಾ ಅಮ್ಮಾವ್ರೆ? ಒಲ ಓಯ್ತು. ಕೆಲ್ಸಾನೂ ಓದ್ರೆ ಮನೇಲಿ ಮಕ ತೋರ್ಸಕಾಗಲ್ಲ." ಕೆನ್ನೆಗೆ ಟವೆಲ್ ಒತ್ತಿಕೊಂಡು ಕೇಳುತ್ತಿದ್ದ. "ಸಿಗುತ್ತಪ್ಪ, ರಕ್ತ ಸರಿಹೋಗ್ಲಿ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವನ ತಾಯಿ ಬಂದಳು. ಅಕ್ಕಯಮ್ಮ. ಯಶವಂತಪುರದ ಮಾರುಕಟ್ಟೆಗೆ ಸೊಪ್ಪು ಹೊತ್ತು ಬಂದವಳು, ಖಾಲಿ ಕುಕ್ಕೆ ಕಂಕುಳಲ್ಲಿಟ್ಟುಕೊಂಡು ನೇರ ಲ್ಯಾಬಿಗೇ ನುಗ್ಗಿದಳು. ವೆಂಕೋಬ ತಡೆಯಲು ಹೋಗಿ ಕುಕ್ಕೆಯಿಂದ ತಿವಿಸಿಕೊಂಡ.

"ಯಾರವ್ವ ಇಲ್ಲಿ ರಕ್ತದಮ್ಮ?"

"ನಾನೇ. ಕೂತ್ಕೊಳ್ಳಿ ಅಮ್ಮ."

"ಕೂತ್ಕೊಳಕ್ ಬಂದಿಲ್ಲ. ನನ್ ಮಗುನ್ ಬಾಯ್ ನೋಡಿದ್ಯಾ? ಕಡ್ಲೆಕಾಯ್ ತಿನ್ನಕಾಗಲ್ಲ ಅವ್ನಿಗೆ. ಅವ್ನ್ ರಕ್ತ ಕೆಟ್ಟೋಗೈತೆ ಅಂತೀಯಲ್ಲ, ಅದೇನ್ ಅಂಗ್ಡೀಲಿ ತಂದ್ನಾ? ನನ್ ಒಟ್ಟೇಲಿ ಉಟ್ಟೋನು ಅವ್ನು. ಕೆಟ್ಟಿದ್ರೆ ನಂದೂ ಕೆಟ್ಟಿರ್ಬೇಕು. ತಗೊ, ಚುಚ್ಚು!"

ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ತಂದಳು. ಸಮಾಧಾನವಾಗಲಿ ಎಂದು ಚುಚ್ಚಿಸಿದೆ. ಬೈದು ಹೋದವಳ ಸ್ಲೈಡು ಎಂದು ವೆಂಕೋಬ ಅದನ್ನು ಮುಟ್ಟಲಿಲ್ಲ, ನಾನೇ ಬಣ್ಣ ಹಾಕಿದೆ. ಬೋರ್‌ವೆಲ್ ನೀರಿನ ಬದಲು ಕಪಾಟಿನಲ್ಲಿದ್ದ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆ. ಅವಳಿಗೆ ಚೀಟಿ ಇರಲಿಲ್ಲ. ಯಾರ ಅನುಮಾನವೂ ಇಲ್ಲದ ಒಂದು ಸ್ಲೈಡನ್ನು ನಾನು ಬಹುದಿನಗಳ ಮೇಲೆ ನೋಡುತ್ತಿದ್ದೆ.

ಅವಳದೂ ಹಾಗೇ ಇತ್ತು. ಎರಡು ದುಂಡು ಹೋಳು, ನಡುವೆ ಸಣ್ಣ ಎಳೆ. ಮೂಗಿನ ಮೇಲೆ ಕೂರಿಸುವ ಹಳೆಯ ಕಾಲದ ಕನ್ನಡಕ ಹೇಗಿರುತ್ತದೋ ಹಾಗೆ. ಕಣದ ನಂತರ ಕಣ, ಎಲ್ಲವೂ ಕನ್ನಡಕ. ಆದರೆ ಬೀಜ ದಟ್ಟವಾಗಿ ಗಂಟುಗಟ್ಟಿತ್ತು. ಎಳೆಯ ಕಣದ ಬೀಜ ಹೀಗೆ ಗಟ್ಟಿಯಾಗಿರುವುದಿಲ್ಲ, ಸಡಿಲವಾಗಿರುತ್ತದೆ. ಇವು ಎಳೆಯವಲ್ಲ. ಪೂರ್ತಿ ಬಲಿತ ಕಣಗಳೇ, ಹೋಳಾಗುವ ಅಭ್ಯಾಸವಿಲ್ಲದವು. ಮುನಿರಾಜುವಿನ ಹಳೆಯ ಸ್ಲೈಡುಗಳನ್ನೆಲ್ಲ ತೆಗೆಸಿ ನೋಡಿದೆ. ಮೊದಲ ದಿನದಿಂದಲೂ ಅದೇ ಕನ್ನಡಕಗಳು ನನ್ನನ್ನೇ ನೋಡುತ್ತ ಕೂತಿದ್ದವು.

ದಪ್ಪ ಪುಸ್ತಕದಲ್ಲಿ ಅದಕ್ಕೆ ಒಂದು ಹೆಸರೂ ಚಿತ್ರವೂ ಇದ್ದವು. ವಂಶದಲ್ಲಿ ಇಳಿದು ಬರುವ ಚಹರೆ. ರೋಗವಲ್ಲ, ಚಿಕಿತ್ಸೆ ಬೇಡ. ಕಣಗಳು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತವೆ. 'ಎಳೆಯ ಕಣಗಳೆಂದು ತಪ್ಪು ತಿಳಿಯದಂತೆ ಎಚ್ಚರ ವಹಿಸಬೇಕು' ಎಂದೂ ಇತ್ತು. ಆ ಪುಟವನ್ನು ನಾನು ಪರೀಕ್ಷೆಗೆ ಓದಿದ್ದೆ. ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೆ.

ಮೇಜರ್ ಕೋಣೆಗೆ ಪುಸ್ತಕ ಹಿಡಿದುಕೊಂಡು ಹೋದೆ. ಅವರು ಓದಿದರು. ಪೈಪನ್ನು ಒಮ್ಮೆ ಬಾಯಿಗಿಟ್ಟು ತೆಗೆದರು.

"ಅಂದ್ರೆ, ಹಲ್ಲು..."

"ಹೌದು ಸರ್. ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ."

ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. "ಆ ಹುಡುಗನಿಗೆ ಈಗ ಇದನ್ನೆಲ್ಲ ಹೇಳಿ ಏನು ಉಪಯೋಗ? ಅವನಿಗೆ ಬೇಕಾಗಿದ್ದು ಕೆಲಸ. ಕೊಡೋಣ. ಅವನೂ ಸುಖ, ಆಸ್ಪತ್ರೆ ಮರ್ಯಾದೆಯೂ ಉಳೀತು. ಏನಂತೀರಿ?"

ನಾನು ಏನೂ ಅನ್ನಲಿಲ್ಲ. ಅಷ್ಟೇ ಸಾಕಾಯಿತು.

ಮುನಿರಾಜುವನ್ನು ಕರೆಸಿದರು. ಅಕ್ಕಯಮ್ಮನೂ ಬಂದಳು. ಮೇಜರ್ ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟು, "ನೋಡಪ್ಪ, ಕೆಟ್ಟ ಹಲ್ಲು ಹೋಯ್ತು, ರಕ್ತ ಶುದ್ಧ ಆಯ್ತು. ನೀನು ಪಾಸು" ಎಂದರು. ಮುನಿರಾಜು ಅವರ ಕಾಲಿಗೆ ಬಿದ್ದ. ಆಮೇಲೆ ನನ್ನ ಕಾಲಿಗೆ. ನಾನು ಹಿಂದೆ ಸರಿಯಬಹುದಿತ್ತು, ಹಿಂದೆ ಗೋಡೆ ಇರಲಿಲ್ಲ. "ಒಳ್ಳೇದಾಗ್ಲಿ" ಎಂದೆ.

ಅಕ್ಕಯಮ್ಮ ನನ್ನತ್ತ ತಿರುಗಿದಳು. "ನಂದ್ ಏನಾಯ್ತವ್ವ?"

"ನಿಮ್ಮ ರಕ್ತ ಚೆನ್ನಾಗಿದೆ ಅಮ್ಮ. ಏನೂ ತೊಂದ್ರೆ ಇಲ್ಲ."

ಆ ದಿನ ನಾನಾಡಿದ ಒಂದೇ ನಿಜ ಅದು. ಅವಳು ಮಾರನೆಯ ದಿನ ಒಂದು ಕುಕ್ಕೆ ದಂಟಿನ ಸೊಪ್ಪು ತಂದು ಕೊಟ್ಟಳು. ತಿಂದೆ.

ಮುಂದಿನ ವರ್ಷಗಳು ನನಗೆ ಸುಲಭವಾಗಿದ್ದವು ಎಂದು ಹೇಳಲಾರೆ. ಮುನಿರಾಜು ಒಳ್ಳೆಯ ಕೆಲಸಗಾರನಾದ. ಆದರೆ ಅವನು ತನ್ನ ಬಾಯಿಯನ್ನು ಒಂದು ಪದಕ ಮಾಡಿಕೊಂಡಿದ್ದ. ಕ್ಯಾಂಟೀನಿನಲ್ಲಿ ಹೊಸ ಹುಡುಗರು ಸಿಕ್ಕರೆ ಬಾಯಿ ಅಗಲಿಸಿ ಬೆರಳಿಂದ ತೋರಿಸುತ್ತಿದ್ದ. "ನೋಡ್ರಲಾ, ಕೆಲ್ಸ ಅಂದ್ರೆ ಸುಮ್ಕೆ ಸಿಗ್ತದಾ? ಇಷ್ಟು ಕೊಟ್ಟಿವ್ನಿ!" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ನನ್ನನ್ನು ಕಂಡರಂತೂ ಇಡೀ ಬಾಯಿ ಬಿಟ್ಟು ನಗುತ್ತಿದ್ದ. "ನಮ್ ರಕ್ತದಮ್ಮ ಬಂದ್ರು!" ನಾನು ಕ್ಯಾಂಟೀನಿನ ದಾರಿ ಬಿಟ್ಟು ಉಗ್ರಾಣದ ಹಿಂದಿನಿಂದ ಸುತ್ತಿ ಹೋಗುವ ಅಭ್ಯಾಸ ಮಾಡಿಕೊಂಡೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ.

ಲ್ಯಾಬಿನಲ್ಲಿ ಮಾತ್ರ ಒಂದು ಬದಲಾವಣೆ ತಂದೆ. ಚೀಟಿಯನ್ನು ಬೋರಲು ಹಾಕಿಡಬೇಕು, ಸ್ಲೈಡು ನೋಡಿ ಬರೆದ ಮೇಲೆ ತಿರುಗಿಸಬೇಕು. "ಇದೇನ್ ಮೇಡಂ, ಇಸ್ಪೀಟ್ ಆಟಾನಾ?" ಎಂದ ವೆಂಕೋಬ. ಯಾಕೆಂದು ಅವನಿಗೂ ಹೇಳಲಿಲ್ಲ. ಪದ್ಧತಿ ತಿದ್ದಿದರೆ ಪಾಪ ತೀರಿತು ಎಂದುಕೊಂಡಿದ್ದೆ.

ಎಂಬತ್ತರ ದಶಕದ ನಡುವೆ ಕಾರ್ಖಾನೆ ಮತ್ತೆ ಬೆಳೆಯಿತು, ಮತ್ತೆ ಹೊಲ ಹೋಯಿತು, ಮತ್ತೆ ಹುಡುಗರು ದೇಹಪರೀಕ್ಷೆಗೆ ಬಂದರು. ಮೇಜರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬಂದವರು ನನಗಿಂತ ಚಿಕ್ಕವರು, ನಿಯಮದ ಮನುಷ್ಯ. ಈ ಸಲ ಎರಡೇ ಅವಕಾಶ, ಎರಡರಲ್ಲೂ ಅನರ್ಹನಾದರೆ ಆ ಮನೆಯ ಕೆಲಸ ರದ್ದು ಎಂದು ಆಡಳಿತ ಮಂಡಳಿ ಹೇಳಿತ್ತು.

ಬೆಳಿಗ್ಗೆ ಲ್ಯಾಬಿಗೆ ಬಂದರೆ ವೆಂಕೋಬ ಬಾಗಿಲಲ್ಲೇ ನಿಂತಿದ್ದ. "ಮೇಡಂ, ಹೊರಗೆ ನೋಡಿದ್ರಾ? ಶೆಟ್ಟಿಹಳ್ಳಿಯೋರಿಗೆಲ್ಲ ಕೆನ್ನೆ ಊದ್ಕೊಂಡಿದೆ."

ನೋಡಿದೆ. ಬೆಂಚಿನ ಮೇಲೆ ಕೂತ ಹುಡುಗರಲ್ಲಿ ಹಲವರು ಟವೆಲನ್ನು ಕೆನ್ನೆಗೆ ಒತ್ತಿಕೊಂಡಿದ್ದರು.

ಅವರ ಸ್ಲೈಡು ನೋಡಿದಾಗ ಈ ಸಲ ಕನ್ನಡಕವಿರಲಿಲ್ಲ. ನಿಜವಾದ ಎಳೆಯ ಪೇದೆಗಳು, ಸಡಿಲ ಬೀಜದವು. ಬಲಿತವುಗಳ ಮೈತುಂಬ ಒರಟು ಕಪ್ಪು ಚುಕ್ಕೆಗಳು. ಒಟ್ಟು ಕಣಗಳೂ ಏರಿದ್ದವು. ಅದು ಗಲಾಟೆಯ ರಕ್ತ, ಸಂದೇಹವೇ ಇಲ್ಲ. ಅದರಲ್ಲಿ ಅತಿ ಕೆಟ್ಟದ್ದು ಕೆಂಪರಾಜು ಎಂಬ ಹುಡುಗನದು. ಒಳಗೆ ಕರೆದೆ. ಮೈ ಬಿಸಿಯಿತ್ತು, ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು.

"ಏನಾಯ್ತಪ್ಪ ಬಾಯಿಗೆ?"

"ಅಲ್ ಕೀಳ್ಸ್ಬುಟ್ಟೆ ಮೇಡಂ. ನಾಕು."

"ಯಾಕೆ? ಹುಳುಕಾಗಿತ್ತಾ?"

"ಇಲ್ಲ ಇಲ್ಲ, ಚೆನ್ನಾಗಿದ್ವು." ಊದಿದ ಕೆನ್ನೆಯಲ್ಲೂ ಅವನಿಗೆ ಹೆಮ್ಮೆ. "ಮಾವ ಏಳಿದ್ರು. ಅಲ್ ಕೀಳ್ಸಿದ್ರೆ ರಕ್ತ ಚೊಕ್ಕಟ ಆಯ್ತದೆ, ಇಲ್ಲಿ ಪಾಸ್ ಮಾಡ್ತಾರೆ ಅಂತ. ಆಸ್ಪತ್ರೇಲ್ ಕೀಳ್ಸಕ್ಕೆ ತಿಂಗ್ಳು ಕಾಯ್ಬೇಕು ಅಂತ ಯಶವಂತಪುರದ ಮಾರ್ಕೆಟ್ ಅತ್ರ ಕೀಳ್ಸಿದ್ವಿ."

ಅಲ್ಲಿ ರಸ್ತೆಬದಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಲ್ಲಿನ ಸೆಟ್ಟುಗಳನ್ನು ಜೋಡಿಸಿಟ್ಟುಕೊಂಡು ಕೂರುವವನೊಬ್ಬನಿದ್ದ. ಒಂದು ಇಕ್ಕಳ, ಒಂದು ಬಕೆಟ್ಟು ನೀರು.

"ಯಾರಪ್ಪ ನಿನ್ನ ಮಾವ?" ಎಂದು ಕೇಳಿದೆ, ಗೊತ್ತಿದ್ದೂ.

"ಮುನಿರಾಜಣ್ಣ. ನಮ್ಮವ್ವನ ತಮ್ಮ. ಮೂರ್ನೇ ಷೆಡ್ಡು. ನೀವೇ ಅಲ್ವಾ ಮೇಡಂ ಅವ್ರನ್ನ ಪಾಸ್ ಮಾಡ್ಸಿದ್ದು?"

ಚೆನ್ನಾಗಿದ್ದ ಹಲ್ಲು ಕಿತ್ತು, ಗಾಯ ಕೀವಾಗಿ, ಚೆನ್ನಾಗಿದ್ದ ರಕ್ತ ಕೆಟ್ಟು, ಆ ಕೆಟ್ಟ ರಕ್ತದಿಂದ ಅವನು ಮೊದಲ ಅವಕಾಶ ಕಳೆದುಕೊಳ್ಳಲು ಹೊರಟಿದ್ದ. ಇಷ್ಟನ್ನೂ ಒಬ್ಬ ಮನುಷ್ಯ ಒಂದು ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತೇ ಮಾಡಬಹುದು. ವೈದ್ಯಕೀಯದಲ್ಲಿ ಇದಕ್ಕೆ ಹೆಸರಿಲ್ಲ.

ಹೊಸ ಮುಖ್ಯಸ್ಥರ ಬಳಿ ಹೋಗಿ ಮೊದಲಿಂದ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಈ ಪರೀಕ್ಷೆನ ಲೆಕ್ಕಕ್ಕೆ ಹಿಡಿಯೋದು ಬೇಡ. ಗಾಯ ವಾಸಿ ಮಾಡಿ ಮತ್ತೆ ನೋಡಿ. ಆದರೆ ಮೇಡಂ, ಇನ್ನೂ ಅರ್ಧ ಊರು ಮುಂದಿನ ವಾರ ಬರಬೇಕು. ಅವರಿಗೆ ಯಾರು ಹೇಳ್ತಾರೆ?" ಎಂದರು.

ಭಾನುವಾರ ಶೆಟ್ಟಿಹಳ್ಳಿಗೆ ಹೋದೆ. ಮುನಿರಾಜುವಿನ ಮನೆಯ ಜಗಲಿಯ ಮೇಲೆ ಕೆಂಪರಾಜುವೂ ಉಳಿದ ಹುಡುಗರೂ ಅವರ ಅಪ್ಪಂದಿರೂ ಮುಂಚೆಯೇ ನೆರೆದಿದ್ದರು. ಪರೀಕ್ಷೆ ಪಾಸು ಮಾಡಿದವನ ಸಲಹೆ ಕೇಳಲು ಬಂದವರು. ನನ್ನನ್ನು ಕಂಡು ಮುನಿರಾಜು ಎದ್ದು ನಿಂತ. ಇಡೀ ಬಾಯಿ ನಗು.

"ಬನ್ನಿ ಬನ್ನಿ! ಲೇ, ಎದ್ದೇಳ್ರಲಾ, ನಮ್ ರಕ್ತದಮ್ಮ ಬಂದವ್ರೆ. ಅವ್ವಾ, ಯಾರ್ ಬಂದವ್ರೆ ನೋಡು!"

ಅಕ್ಕಯಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಹಳ ಬಾಗಿದ್ದಳು.

ಬಸ್ಸಿನಲ್ಲಿ ಬರುವಾಗ ಒಂದು ಉಪಾಯ ಹೊಳೆದಿತ್ತು. 'ಆಗಿನ ಕಾಲದ ರೋಗ ಬೇರೆ, ಈಗ ಪದ್ಧತಿ ಬದಲಾಗಿದೆ, ಹಲ್ಲು ಕೀಳಿಸಬೇಡಿ' ಎಂದು ಹೇಳಿಬಿಟ್ಟರೆ ಹುಡುಗರ ಹಲ್ಲೂ ಉಳಿಯುತ್ತದೆ, ಮುನಿರಾಜುವಿನ ಹೆಮ್ಮೆಯೂ ಉಳಿಯುತ್ತದೆ, ನನ್ನ ಮಾನವೂ. ಮೇಜರ್ ಇದ್ದಿದ್ದರೆ ಹಾಗೇ ಹೇಳುತ್ತಿದ್ದರು. ಆದರೆ ಹೊಲ ಕಳೆದುಕೊಂಡವರು, ಎರಡೇ ಅವಕಾಶ ಉಳಿದವರು, ಅರ್ಧ ನಿಜವನ್ನು ನಂಬಿ ಎದುರಿಗೆ ಕೂತ ಬಾಯಿಯ ಸಾಕ್ಷಿಯನ್ನು ಬಿಡುತ್ತಾರೆಯೇ?

"ಯಾರೂ ಹಲ್ಲು ಕೀಳಿಸ್ಬೇಡಿ," ಎಂದೆ. "ಕಿತ್ತ ಗಾಯದಿಂದಾನೇ ರಕ್ತ ಕೆಡ್ತಾ ಇದೆ. ಕೆಂಪರಾಜು ಅದಕ್ಕೇ ಪಾಸಾಗ್ದೆ ನಿಂತಿರೋದು."

"ಅದ್ಯಂಗಾಯ್ತದಮ್ಮ?" ಎಂದರು ಹಿರಿಯರೊಬ್ಬರು. "ಮುನಿರಾಜುಗೆ ಆಯ್ತಲ್ಲ?"

ಎಲ್ಲರೂ ಮುನಿರಾಜುವಿನ ಕಡೆ ನೋಡಿದರು. ಅವನು ನನ್ನ ಕಡೆ ನೋಡಿದ, ನಗುತ್ತಲೇ, ಹೇಳಿ ಅನ್ನುವ ಹಾಗೆ.

"ಮುನಿರಾಜುಗೆ ರೋಗಾನೇ ಇರ್ಲಿಲ್ಲ," ಎಂದೆ. "ಅವರಮ್ಮನಿಂದ ಬಂದ ಗುಣ ಅದು. ಕಣ್ಣು ಮೂಗು ಬಂದ ಹಾಗೆ. ನಾನು ನೋಡಿ ಗುರುತು ಹಿಡೀಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೆ ಅವನಿಗೆ ಹೇಳ್ಲಿಲ್ಲ."

ಮುನಿರಾಜುವಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು.

"ಅಂಗಾದ್ರೆ," ಎಂದ, "ಸುಮ್ಕೆ ಕಿತ್ರಾ?"

"ಹೂಂ ಮುನಿರಾಜು."

"ಎಲ್ಲಾನೂವೇ?"

"ಎಲ್ಲಾನೂ."

ಅವನು ಜಗಲಿಯ ಅಂಚಿನಲ್ಲಿ ಕೂತ. ಅಕ್ಕಯಮ್ಮ ನನ್ನನ್ನೇ ನೋಡುತ್ತಿದ್ದಳು. "ಅವತ್ ನನ್ ಬೆರಳ್ ಚುಚ್ಚಿದ್ಯಲ್ಲ, ಅವತ್ತೇ ತಿಳೀತಾ ನಿಂಗೆ?"

"ಅವತ್ತೇ."

"ಸೊಪ್ ತಂದ್ಕೊಟ್ನಲ್ಲ, ಅವಾಗ್ಲೂ ತಿಳಿದಿತ್ತು."

"ತಿಳಿದಿತ್ತು ಅಮ್ಮ."

ಬೈದಿದ್ದರೆ ಚೆನ್ನಾಗಿತ್ತು. ಕುಕ್ಕೆಯಿಂದ ತಿವಿದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಒಳಗೆ ತಿರುಗಿ, "ಎಸ್ರು ಇಟ್ಟಿದ್ರೆ ಮುದ್ದೆ ತಿರುವವ್ವ, ಒಬ್ರಿಗೆ ಜಾಸ್ತಿ" ಎಂದು ಸೊಸೆಗೆ ಕೂಗಿದಳು. ಆಮೇಲೆ ನನಗೆ, "ಒತ್ತಾಗೈತೆ. ಉಂಡ್ಕೊಂಡ್ ಓಗು."

ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಎದ್ದರು, ಒಬ್ಬನಂತೂ ತನ್ನ ಕೆನ್ನೆಯನ್ನು ಒಳಗಿನಿಂದ ನಾಲಿಗೆಯಲ್ಲಿ ಮುಟ್ಟಿ ನೋಡಿಕೊಳ್ಳುತ್ತ ಹೋದ. ಕೆಂಪರಾಜು, ಮುನಿರಾಜು, ನಾನು ಸಾಲಾಗಿ ಕೂತೆವು. ಬಿಸಿ ಮುದ್ದೆ, ಸೊಪ್ಪಿನ ಸಾರು.

ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ನನಗೆ ಮುದ್ದೆ ನುಂಗಲು ಬಂದಿರಲಿಲ್ಲ. ರೊಟ್ಟಿಯ ಊರಿನ ದವಡೆ, ಬಾಯಿಗೆ ಬಿದ್ದದ್ದನ್ನೆಲ್ಲ ಅಗಿಯುತ್ತದೆ. ನಾನು ತುತ್ತು ಬಾಯಿಗಿಟ್ಟು ಅಗಿಯತೊಡಗಿದೆ. ಅದು ಹಲ್ಲಿಗೆಲ್ಲ ಅಂಟಿಕೊಂಡಿತು. ಸೊಸೆ ಮೊದಲು ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು. ಕೆಂಪರಾಜು ಊದಿದ ಕೆನ್ನೆ ಹಿಡಿದುಕೊಂಡು, "ಅಯ್ಯೋ, ಮುದ್ದೆ ಅಗೀತಾವ್ರೆ!" ಎಂದ. ಅಕ್ಕಯಮ್ಮ ಕೂಡ, "ನುಂಗವ್ವ, ನುಂಗು, ಅಲ್ಗಳಿಗ್ಯಾಕೆ ಕೆಲ್ಸ ಕೊಡ್ತೀಯ" ಎಂದು ನಕ್ಕಳು.

ಮುನಿರಾಜುವಿಗೂ ತಡೆಯಲಾಗಲಿಲ್ಲ. ತಲೆ ಹಿಂದಕ್ಕೆ ಹಾಕಿ, ಎಂದಿನಂತೆ ಇಡೀ ಬಾಯಿ ಬಿಟ್ಟು ನಗಲು ಹೊರಟ. ಅರ್ಧದಲ್ಲಿ ಅವನಿಗೆ ಏನೋ ನೆನಪಾಯಿತು. ಎಡಗೈ ಮೇಲೆದ್ದು ಬಾಯಿಗೆ ಅಡ್ಡ ಬಂತು.

ಕೆಂಪರಾಜುವಿನ ಗಾಯ ಮಾಯಿತು. ಮರುಪರೀಕ್ಷೆಯಲ್ಲಿ ಅವನ ಕಣಗಳು ಮೂರು ಮೂರು ನಾಲ್ಕು ನಾಲ್ಕು ಹೋಳಾಗಿ, ಪುಸ್ತಕದ ಚಿತ್ರದಂತೆ ಇದ್ದವು. ಅಜ್ಜಿ ಅಕ್ಕಯಮ್ಮನ ಚಹರೆ ಅವನಿಗೆ ಬಂದೇ ಇರಲಿಲ್ಲ. ಕೆಲಸಕ್ಕೆ ಸೇರಿದ. ಶೆಟ್ಟಿಹಳ್ಳಿಯಿಂದ ಆಮೇಲೆ ಯಾರೂ ಊದಿದ ಕೆನ್ನೆಯಲ್ಲಿ ಬರಲಿಲ್ಲ. ನಾನು ಉಗ್ರಾಣದ ಹಿಂದಿನ ದಾರಿ ಬಿಟ್ಟು ಮತ್ತೆ ಕ್ಯಾಂಟೀನಿನ ಮುಂದೆಯೇ ನಡೆಯತೊಡಗಿದೆ. ಮುನಿರಾಜು ದಿನಾಲೂ ಸಿಗುತ್ತಿದ್ದ, ಮುಂಚಿನಂತೆಯೇ ಎದ್ದು ನಿಂತು, "ಚೆನ್ನಾಗಿದೀರಾ ಅಮ್ಮಾವ್ರೆ?" ಎಂದು ಕೇಳುತ್ತಿದ್ದ. ಕಣ್ಣು ನಗುತ್ತಿತ್ತು. ನಾನು ನಿವೃತ್ತಳಾಗುವ ದಿನದವರೆಗೂ ಆ ಕೈಯನ್ನು ಅವನು ಬಾಯಿಂದ ತೆಗೆಯಲಿಲ್ಲ.